ಹಳೇ ರಸೀದಿ ಪುಸ್ತಕ ತೆಗೆಯಿರಿ: ಸಣ್ಣ ಟ್ರಸ್ಟ್‌ಗಳು ದಾನಿಗಳ ಮಾಹಿತಿಯನ್ನು ಬಳಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ನಾನು ಒಂದು ಉಚಿತ ವಿದ್ಯಾರ್ಥಿ ನಿಲಯದ ಟ್ರಸ್ಟ್‌ನಲ್ಲಿ ದೇಣಿಗೆ ಲೆಕ್ಕ ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ದುಡ್ಡು ಸಾಲದೆ ಬಂದಾಗ ನಾವು ಮಾಡಿದ ಮೊದಲ ಕೆಲಸ ಕರಪತ್ರ ಅಚ್ಚು ಹಾಕಿಸಿದ್ದು. ದೇವಸ್ಥಾನದ ಮುಂದೆ, ಕಲ್ಯಾಣ ಮಂಟಪದ ಬಾಗಿಲಲ್ಲಿ ಹಂಚಿದ್ದೇ ಹಂಚಿದ್ದು. ಬಂದ ದುಡ್ಡು ಅಚ್ಚಿನ ಖರ್ಚಿಗೂ ಸಾಲಲಿಲ್ಲ. ಅದೇ ವಾರ ಬೀರು ಚೊಕ್ಕಟ ಮಾಡುವಾಗ ಹಳೇ ರಸೀದಿ ಪುಸ್ತಕಗಳ ಕಟ್ಟು ಕೈಗೆ ಸಿಕ್ಕಿತು. ಸುಮ್ನೆ ತಿರುವಿ ಹಾಕಿದೆ. ಸತತ ಆರು ವರ್ಷ, ಅದೇ ತಿಂಗಳು, ಅದೇ ಮೊತ್ತ ಕೊಟ್ಟ ಒಬ್ಬರು ಏಳನೇ ವರ್ಷ ಕಾಣೆ. ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಫೋನ್ ಮಾಡಿದೆ. "ನಿಮ್ಮ ಹುಡುಗ ಬಂದು ರಸೀದಿ ಹರಿದು ಕೊಡ್ತಿದ್ದ. ಆಮೇಲೆ ಬರಲೇ ಇಲ್ಲ. ಹಾಸ್ಟೆಲ್ ಮುಚ್ಚಿರಬೇಕು ಅಂದುಕೊಂಡೆ" ಎಂದರು.

ಅವತ್ತಿನಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಹೊಸಬರನ್ನು ಹುಡುಕುವ ಮೊದಲು, ಕೊಡುವುದನ್ನು ನಿಲ್ಲಿಸಿದವರನ್ನು ಹುಡುಕುತ್ತೇವೆ. ಅದಕ್ಕೆ ಬೇಕಾದ್ದೆಲ್ಲ ನಿಮ್ಮ ಹತ್ತಿರ ಈಗಾಗಲೇ ಇದೆ. ಅದನ್ನು ಓದುವಂತೆ ಜೋಡಿಸಿಕೊಳ್ಳಬೇಕು, ಅಷ್ಟೆ.

ಒಂದು ಮಾತು ಮೊದಲೇ ಹೇಳುತ್ತೇನೆ. ದಾನಿಗಳ ಸಂಖ್ಯೆ ಒಂದೆರಡು ಸಾವಿರದ ಒಳಗಿದ್ದರೆ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಧಾರಾಳ ಸಾಕು. ಕಸ ತುಂಬಿದ ಪಟ್ಟಿಯನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ಕಸಕ್ಕೆ ತಿಂಗಳ ಬಾಡಿಗೆ ಕಟ್ಟಿದಂತೆ.

ಹಂತ 1: ಎಲ್ಲವನ್ನೂ ಒಂದೇ ಕಡೆ ಸುರಿಯಿರಿ

ರಸೀದಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆ್ಯಪ್‌ನ ಪಟ್ಟಿ, ಆನ್‌ಲೈನ್ ವೇದಿಕೆಗಳಿಂದ ಬಂದ ವರದಿ, ಖಜಾಂಚಿಯವರ ಡೈರಿ, ಕಾರ್ಯದರ್ಶಿಗಳ ವಾಟ್ಸ್‌ಆ್ಯಪ್. ಕೊನೆಯ ಮೂರು ವರ್ಷದ್ದು ಸಾಕು. ಹತ್ತು ವರ್ಷದ್ದು ಹಾಕುತ್ತೇವೆಂದು ಹೊರಟರೆ ಮೂರನೇ ವಾರಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತೀರಿ.

ಅಕ್ಕಿ ಮೂಟೆ ಕೊಟ್ಟವರನ್ನು ಮರೆಯಬೇಡಿ. ಅವರು ಬ್ಯಾಂಕಿನ ಯಾವ ಹಾಳೆಯಲ್ಲೂ ಇರುವುದಿಲ್ಲ. ಉಗ್ರಾಣದ ಪುಸ್ತಕದಲ್ಲಿ ಮಾತ್ರ ಇರುತ್ತಾರೆ. ವಸ್ತುರೂಪದ ದೇಣಿಗೆಗೆ 80ಜಿ ವಿನಾಯಿತಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಇಲ್ಲ, ಆದ್ದರಿಂದ ಆಡಿಟರ್ ಕೂಡ ಅವರ ಹೆಸರು ಕೇಳುವುದಿಲ್ಲ. ಆದರೆ ಮೂಟೆಯನ್ನು ಗಾಡಿಗೆ ಹಾಕಿಕೊಂಡು ನಿಮ್ಮ ಬಾಗಿಲ ತನಕ ತಂದವರಿಗಿಂತ ಹತ್ತಿರದವರು ಇನ್ಯಾರಿದ್ದಾರೆ?

ಹಳೆಯ ಪಟ್ಟಿ ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದರೆ, ಕಾಪಿ ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೆದರಬೇಡಿ, ಮಾಹಿತಿ ಎಲ್ಲೂ ಹೋಗಿಲ್ಲ. ಮೊದಲು ಎಲ್ಲ ಕಂಪ್ಯೂಟರ್‌ಗಳೂ ಓದುವ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಎಡವಟ್ಟು ಆಗುವುದು ಅಲ್ಲೇ.

ಹಂತ 2: ಒಂದಲ್ಲ, ಎರಡು ಹಾಳೆ

ಹೆಚ್ಚಿನ ಟ್ರಸ್ಟ್‌ಗಳು ಒಂದೇ ಹಾಳೆ ಇಟ್ಟಿರುತ್ತವೆ. ಎಡಕ್ಕೆ ಹೆಸರು, ಬಲಕ್ಕೆ 2022, 2023, 2024 ಎಂದು ವರ್ಷದ ಕಾಲಂಗಳು. ನೋಡಲು ಚೆಂದ, ಕೆಲಸಕ್ಕೆ ಬಾರದು. ವರ್ಷಕ್ಕೆ ಎರಡು ಸಲ ಕೊಟ್ಟರೆ ಎಲ್ಲಿ ಬರೆಯುತ್ತೀರಿ? ಯಾವ ತಿಂಗಳು ಕೊಟ್ಟರು ಎಂಬುದು ಹೇಗೆ ಗೊತ್ತಾಗುತ್ತದೆ?

ಎರಡು ಹಾಳೆ ಮಾಡಿ. ಮೊದಲನೆಯದು "ದಾನಿ". ಇಲ್ಲಿ ಒಬ್ಬರಿಗೆ ಒಂದೇ ಸಾಲು. ಎರಡನೆಯದು "ದೇಣಿಗೆ". ಇಲ್ಲಿ ಒಂದು ರಸೀದಿಗೆ ಒಂದು ಸಾಲು. ಎರಡನ್ನೂ ಕಟ್ಟಿ ಹಾಕುವ ಹಗ್ಗ ದಾನಿ ಸಂಖ್ಯೆ. 1001 ರಿಂದ ಶುರು ಮಾಡಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರಿಗೆ ಯಾವತ್ತೂ ಕೊಡಬೇಡಿ.

ದಾನಿ ಹಾಳೆಯಲ್ಲಿ ನಮ್ಮಲ್ಲಿರುವ ಕಾಲಂಗಳು ಇವು: ದಾನಿ ಸಂಖ್ಯೆ, ಪ್ಯಾನ್ ಕಾರ್ಡ್‌ನಲ್ಲಿರುವ ಹೆಸರು, ಕರೆಯುವ ಹೆಸರು, ಮನೆ ಸಂಖ್ಯೆ, ಫೋನ್, ವಿಳಾಸ, ಪಿನ್‌ಕೋಡ್, ಪ್ಯಾನ್, ಪೌರತ್ವ, ಯಾವ ಭಾಷೆಯಲ್ಲಿ ಬರೆಯಬೇಕು, ಫೋನಾ ಪತ್ರವಾ ವಾಟ್ಸ್‌ಆ್ಯಪಾ, ಯಾರ ಮೂಲಕ ಬಂದರು, ನೆನಪಿನ ದಿನ, ಸ್ಥಿತಿ, ಟಿಪ್ಪಣಿ.

ದೇಣಿಗೆ ಹಾಳೆಯಲ್ಲಿ: ರಸೀದಿ ಸಂಖ್ಯೆ, ದಿನಾಂಕ, ದಾನಿ ಸಂಖ್ಯೆ, ಮೊತ್ತ, ನಗದೋ ಚೆಕ್ಕೋ ಯುಪಿಐಯೋ ವಸ್ತುವೋ, ಯುಟಿಆರ್ ಸಂಖ್ಯೆ (ಬ್ಯಾಂಕ್ ಪ್ರತಿ ಪಾವತಿಗೆ ಕೊಡುವ ಗುರುತಿನ ಸಂಖ್ಯೆ), ಯಾವ ಉದ್ದೇಶಕ್ಕೆ, ಯಾವ ಮನವಿಗೆ ಬಂತು, ಧನ್ಯವಾದ ಹೇಳಿದ ದಿನ.

"ಮನೆ ಸಂಖ್ಯೆ" ಅಂದರೆ ಬಾಗಿಲ ನಂಬರ್ ಅಲ್ಲ. ಒಂದೇ ಕುಟುಂಬದವರಿಗೆಲ್ಲ ಕೊಡುವ ಒಂದು ಸಂಖ್ಯೆ. ಅಪ್ಪ ಹೇಳುತ್ತಾರೆ, ಮಗಳ ಫೋನಿನಿಂದ ಯುಪಿಐ ಬರುತ್ತದೆ, ರಸೀದಿ ಅಮ್ಮನ ಹೆಸರಿಗೆ ಬೇಕು. ನಮ್ಮ ಊರುಗಳಲ್ಲಿ ಇದು ದಿನನಿತ್ಯದ ಕಥೆ, ಅಲ್ವಾ? ಈ ಕಾಲಂ ಇಲ್ಲದಿದ್ದರೆ ಒಂದೇ ಮನೆಗೆ ಮೂರು ಮನವಿ ಪತ್ರ ಹೋಗುತ್ತವೆ.

ಟೈಪ್ ಮಾಡುವ ಮುಂಚೆ ಎರಡು ಎಚ್ಚರಿಕೆ. ಯುಪಿಐ ಯುಟಿಆರ್ 12 ಅಂಕಿಯದು. ಎಕ್ಸೆಲ್‌ನಲ್ಲಿ ಸುಮ್ನೆ ಹಾಕಿದರೆ ಅದು ದಶಮಾಂಶ ಹಾಕಿಕೊಂಡು ಚಿಕ್ಕದಾಗಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿ. ಎರಡನೆಯದು ದಿನಾಂಕ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05/06 ಎಂಬುದು ಜೂನ್ 5ರ ಬದಲು ಮೇ 6 ಆಗುತ್ತದೆ. 12ನೇ ತಾರೀಖಿನ ತನಕ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಹಂತ 3: ಒಬ್ಬರು ಒಬ್ಬರೇ ಆಗಿರಲಿ

ಅತಿ ಬೇಸರದ ಕೆಲಸ ಇದು. ಅತಿ ಮುಖ್ಯವಾದದ್ದೂ ಇದೇ.

ಶ್ರೀನಿವಾಸ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಎಂದು ಎಣಿಸಿ ನೋಡಿ. ಕೊನೆಗೆ ಒಂದು ಅಕ್ಷರ ಇದೆಯೋ ಇಲ್ಲವೋ, ಮೊದಲು ಒಂದು ಅಕ್ಷರ ಜಾಸ್ತಿಯೋ ಕಡಿಮೆಯೋ. ಅದರ ಮೇಲೆ ಇನಿಷಿಯಲ್. ಹಳೇ ಮೈಸೂರು ಕಡೆ ಊರಿನ ಹೆಸರು, ತಂದೆಯ ಹೆಸರು ಮುಂದೆ ಬರುತ್ತವೆ. ಬೆಳಗಾವಿ, ಧಾರವಾಡದ ಕಡೆ ಮನೆತನದ ಹೆಸರು ಹಿಂದೆ ಬರುತ್ತದೆ. ಬ್ಯಾಂಕಿನವರು ಇದನ್ನೆಲ್ಲ ತಿರುಗಾಮುರುಗಾ ಮಾಡಿ ಅಚ್ಚು ಹಾಕುತ್ತಾರೆ. ಹಾಗಾಗಿ ಹೆಸರನ್ನು ನಂಬಿ ಇಬ್ಬರನ್ನು ಒಂದು ಮಾಡಬೇಡಿ, ಒಬ್ಬರನ್ನು ಇಬ್ಬರೆಂದೂ ತಿಳಿಯಬೇಡಿ.

ನಾವು ಅನುಸರಿಸುವ ಕ್ರಮ ಹೀಗಿದೆ. ಮೊದಲು ಪ್ಯಾನ್ ಹೋಲಿಸುತ್ತೇವೆ. ಪ್ಯಾನ್ ಒಂದೇ ಆದರೆ ಅವರು ಒಬ್ಬರೇ, ಮಾತೇ ಇಲ್ಲ. ಆಮೇಲೆ ಫೋನಿನ ಕೊನೆಯ 10 ಅಂಕಿ. ಮುಂದಿನ ಸೊನ್ನೆ, 91 ಎಲ್ಲ ಕತ್ತರಿಸಿ. ಫೋನ್ ಒಂದೇ, ಹೆಸರು ಬೇರೆ ಎಂದರೆ ಬಹುಶಃ ಒಂದೇ ಮನೆ. ಮನೆ ಸಂಖ್ಯೆ ಕೊಡಿ, ಸಾಲು ಬೇರೆ ಬೇರೆಯೇ ಇರಲಿ. ಕೊನೆಗೆ ಪಿನ್‌ಕೋಡ್ ಮತ್ತು ಹೆಸರು. ಇಲ್ಲಿ ಯಂತ್ರ ಬೇಡ. ಊರು ಬಲ್ಲ ಹಿರಿಯರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಫಿ ಕುಡಿಯುತ್ತಾ ನೋಡಿ. ನಮ್ಮ ನಿವೃತ್ತ ಮೇಷ್ಟ್ರು ಒಬ್ಬರು ಒಂದೇ ಮಧ್ಯಾಹ್ನದಲ್ಲಿ, "ಇವರು ಅವರ ತಮ್ಮ, ಇವರು ಊರು ಬಿಟ್ಟು ಶಿವಮೊಗ್ಗಕ್ಕೆ ಹೋದರು, ಇವರಿಬ್ಬರೂ ಒಬ್ಬರೇ" ಎನ್ನುತ್ತಾ ನಾನು ವಾರವಿಡೀ ಒದ್ದಾಡಿದ್ದನ್ನು ಮುಗಿಸಿಕೊಟ್ಟರು.

ನಕಲು ಹುಡುಕಲು, ಒಂದು ಸಂಖ್ಯೆ ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟ್‌ಇಫ್ ಸೂತ್ರ ಬಳಸಿ. ಫೋನ್ ಕಾಲಂನಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬಂದ ಸಂಖ್ಯೆಗಳಿಗೆ ಬಣ್ಣ ಹಾಕಿಸಿ. ಅಷ್ಟೇ ಸಾಕು.

"ಕರೆಯುವ ಹೆಸರು" ಕಾಲಂ ಕನ್ನಡದಲ್ಲಿರಲಿ, ಅವರು ಇಷ್ಟಪಡುವ ರೀತಿಯಲ್ಲೇ ಇರಲಿ. ಪ್ಯಾನ್‌ನಲ್ಲಿ ಉದ್ದದ ಹೆಸರಿದ್ದರೂ ಊರಿಗೆಲ್ಲ ಅವರು "ಪೋಸ್ಟ್ ಮಾಸ್ಟರ್ ಶಾಂತಮ್ಮ" ಆಗಿರಬಹುದು. ಭಾಷೆಯ ಕಾಲಂ ಕೂಡ ಮುಖ್ಯ. ಮುಂಬೈ, ಪುಣೆಯಲ್ಲಿ ನೆಲೆಸಿದ ನಮ್ಮವರ ಮಕ್ಕಳು ಕನ್ನಡ ಮಾತಾಡುತ್ತಾರೆ, ಎಷ್ಟೋ ಜನಕ್ಕೆ ಓದಲು ಬರುವುದಿಲ್ಲ. ಅಂಥವರಿಗೆ ಕನ್ನಡದ ಉದ್ದ ಪತ್ರಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ ಚೆನ್ನಾಗಿ ತಲುಪುತ್ತದೆ.

"ಸ್ಥಿತಿ" ಕಾಲಂ ನಮ್ಮಲ್ಲಿ ಮೊದಲು ಇರಲಿಲ್ಲ. ಒಂದು ದೀಪಾವಳಿಗೆ ಎಲ್ಲರಿಗೂ ಪತ್ರ ಹಾಕಿದೆವು. "ತಾವು ಆಯುರಾರೋಗ್ಯದಿಂದ ಇರಲಿ" ಎಂದು ಕೊನೆಯ ಸಾಲು. ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಕೋಪ ಇರಲಿಲ್ಲ, ಅದೇ ಹೆಚ್ಚು ನೋವಾದದ್ದು. "ಅಪ್ಪ ಹೋಗಿ ಎರಡು ವರ್ಷ ಆಯ್ತು. ನಿಮಗೆ ಹೇಳಿದ್ದೆ" ಎಂದರು. ಹೇಳಿದ್ದು ನಿಜ. ಹೇಳಿದ್ದು ಯಾರದೋ ವಾಟ್ಸ್‌ಆ್ಯಪ್‌ನಲ್ಲಿ ಉಳಿದಿತ್ತು, ಹಾಳೆಗೆ ಬಂದಿರಲಿಲ್ಲ. ಈಗ ಸ್ಥಿತಿಯಲ್ಲಿ ನಾಲ್ಕೇ ಪದ: ಇದ್ದಾರೆ, ತೀರಿಕೊಂಡಿದ್ದಾರೆ, ಸಂಪರ್ಕ ಬೇಡ ಎಂದಿದ್ದಾರೆ, ವಿಳಾಸ ತಪ್ಪು. ಪತ್ರಕ್ಕೆ ಲೇಬಲ್ ತೆಗೆಯುವ ಮುಂಚೆ ಮೊದಲು ಸೋಸುವುದು ಈ ಕಾಲಂ ಅನ್ನೇ.

ಹಂತ 4: ತಿಥಿಯನ್ನು ತಿಥಿಯಾಗಿಯೇ ಬರೆದುಕೊಳ್ಳಿ

ವಿದೇಶದ ಸಾಫ್ಟ್‌ವೇರ್‌ಗಳಲ್ಲಿ ಈ ಕಾಲಂ ನಿಮಗೆ ಸಿಗುವುದಿಲ್ಲ.

ಅನ್ನದಾನಕ್ಕೆ ಕೊಡುವವರಲ್ಲಿ ದೊಡ್ಡ ಪಾಲು ಹಿರಿಯರ ನೆನಪಿಗೆ ಕೊಡುತ್ತಾರೆ. ಹಲವರು ಇಂಗ್ಲಿಷ್ ತಾರೀಖು ನೋಡುವುದಿಲ್ಲ. "ಕಾರ್ತಿಕ ಬಹುಳ ಪಂಚಮಿ" ಎನ್ನುತ್ತಾರೆ. ಗುಮಾಸ್ತರು ಆ ವರ್ಷದ ತಾರೀಖು ನೋಡಿ ನವೆಂಬರ್ ಇಂತಿಷ್ಟು ಎಂದು ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ತಾರೀಖಿಗೆ ನೆನಪಿಸಿದರೆ, ಶ್ರಾದ್ಧ ಮುಗಿದು ಹತ್ತು ದಿನ ಆಗಿರುತ್ತದೆ. ಮನೆಯವರು ಆ ದಿನ ಬೇರೆಲ್ಲೋ ಊಟ ಹಾಕಿಸಿ ಮುಗಿಸಿರುತ್ತಾರೆ.

ಆದ್ದರಿಂದ ಮಾಸ, ಪಕ್ಷ, ತಿಥಿ ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ. ನಾಲ್ಕನೆಯದು "ಈ ವರ್ಷದ ತಾರೀಖು". ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಒಂದು ಸಂಜೆ ಕೂತು ಈ ನಾಲ್ಕನೇ ಕಾಲಂ ತುಂಬಿ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅಂಥ ವರ್ಷ ನಿಮ್ಮ ಊಹೆಯಿಂದ ತಾರೀಖು ಹಾಕಬೇಡಿ. ಆಯಾ ಮನೆಯ ಪದ್ಧತಿ ಬೇರೆ ಇರಬಹುದು. ಫೋನ್ ಮಾಡಿ ಕೇಳಿ. ಕೇಳಿದ್ದಕ್ಕೇ ಅವರಿಗೆ ಖುಷಿಯಾಗುತ್ತದೆ.

ರಂಜಾನ್ ತಿಂಗಳಲ್ಲಿ ಜಕಾತ್ ಕೊಡುವ ದಾನಿಗಳಿಗೂ ಇದೇ ಮಾತು. ಹಿಜರಿ ವರ್ಷ ಚಾಂದ್ರಮಾನದ್ದು, ಅಧಿಕ ಮಾಸ ಇಲ್ಲ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಜಕಾತ್ ಯಾರಿಗೆ ಖರ್ಚಾಗಬೇಕು ಎಂಬುದಕ್ಕೂ ನಿಯಮವಿದೆ. ಉದ್ದೇಶದ ಕಾಲಂನಲ್ಲಿ ಅದನ್ನು ಸ್ಪಷ್ಟವಾಗಿ ಬರೆದುಕೊಂಡು ಹಾಗೆಯೇ ಖರ್ಚು ತೋರಿಸಿ.

ನೆನಪಿನ ದಿನಕ್ಕೆ ಒಂದು ವಾರ ಮುಂಚೆ ಫೋನ್. ಆ ದಿನ ಮಕ್ಕಳು ಊಟಕ್ಕೆ ಕೂತ ಪಂಕ್ತಿ, ಗೋಡೆಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಹೆಸರು, ಇವೆರಡರ ಒಂದು ಫೋಟೊ. ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಮನವಿ ಇನ್ನೊಂದಿಲ್ಲ. ಫೋಟೊದಲ್ಲಿ ಮಕ್ಕಳ ಮುಖ ಬೇಡ, ಎಲೆ ಮತ್ತು ಹಲಗೆ ಸಾಕು.

ಹಂತ 5: ಕಾನೂನು ಕೇಳುವ ಕಾಲಂಗಳು

ಬೇಗ ಮುಗಿಸೋಣ, ಆದರೆ ಬಿಟ್ಟುಬಿಡುವಂತಿಲ್ಲ.

80ಜಿ ಅನುಮೋದನೆ ಇರುವ ಸಂಸ್ಥೆ ಪ್ರತಿ ಹಣಕಾಸು ವರ್ಷದ ದಾನಿಗಳ ವಿವರವನ್ನು ಫಾರ್ಮ್ 10ಬಿಡಿ ಮೂಲಕ ಮುಂದಿನ ಮೇ 31ರ ಒಳಗೆ ಸಲ್ಲಿಸಿ, ದಾನಿಗಳಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. 2021-22ರಿಂದ ಈ ವ್ಯವಸ್ಥೆ ಬಂತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ ಎಂದಿರುವುದರಿಂದ ಕಾಯ್ದೆಯ ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ಫಾರ್ಮ್ ಯಾವುದು ಎಂದು ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ. ಬೇಕಾದ ಮಾಹಿತಿ ಹೆಚ್ಚುಕಮ್ಮಿ ಅದೇ: ಹೆಸರು, ವಿಳಾಸ, ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ, ಮೊತ್ತ, ಯಾವ ಬಗೆಯ ದೇಣಿಗೆ, ಹೇಗೆ ಬಂತು.

ಪ್ಯಾನ್ 10 ಅಕ್ಷರದ್ದು. ಮೊದಲ ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನಾಲ್ಕನೇ ಅಕ್ಷರ ವ್ಯಕ್ತಿಯಾದರೆ 'ಪಿ', ಕಂಪನಿಯಾದರೆ 'ಸಿ', ಟ್ರಸ್ಟ್ ಆದರೆ 'ಟಿ'. ಇಷ್ಟು ಗೊತ್ತಿದ್ದರೆ ಅರ್ಧ ತಪ್ಪು ಟೈಪ್ ಮಾಡುವಾಗಲೇ ಸಿಗುತ್ತದೆ. ಸೊನ್ನೆಯ ಜಾಗದಲ್ಲಿ 'ಓ' ಬರೆದು ಮೇ ತಿಂಗಳಲ್ಲಿ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ನಗದು 2,000 ರೂಪಾಯಿ ಮೀರಿದರೆ ದಾನಿಗೆ 80ಜಿ ಲಾಭ ಇಲ್ಲ. ರಸೀದಿ ಹರಿಯುವ ಮುಂಚೆ ಇದನ್ನು ಹೇಳುವುದು ನಿಮ್ಮ ಕೆಲಸ.

ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡ್‌ನಿಂದ ಒಂದು ತಲೆನೋವಿದೆ. ದುಡ್ಡು ಬರುತ್ತದೆ, ಯಾರು ಎಂದು ಗೊತ್ತಾಗುವುದಿಲ್ಲ. ಹೆಸರು, ವಿಳಾಸ ಇಲ್ಲದ ದೇಣಿಗೆ ಅನಾಮಧೇಯ ದೇಣಿಗೆ ಆಗುತ್ತದೆ. ಒಟ್ಟು ದೇಣಿಗೆಯ ಶೇಕಡಾ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಮೀರಿದ ಅನಾಮಧೇಯ ದೇಣಿಗೆಗೆ ಶೇಕಡಾ 30 ತೆರಿಗೆ. ಪೂರ್ತಿ ಧಾರ್ಮಿಕ ಸಂಸ್ಥೆಗಳಿಗೆ ಇದರಿಂದ ಬಿಡುಗಡೆ ಇದೆ. ಕ್ಯೂಆರ್ ಕೆಳಗೆ ದಪ್ಪ ಅಕ್ಷರದಲ್ಲಿ "ಹಣ ಹಾಕಿದ ಮೇಲೆ ನಿಮ್ಮ ಹೆಸರು, ವಿಳಾಸ ಈ ನಂಬರಿಗೆ ಕಳಿಸಿ, ರಸೀದಿ ಕಳಿಸುತ್ತೇವೆ" ಎಂದು ಬರೆಯಿರಿ. ರಸೀದಿ ಸಿಗುತ್ತದೆ ಎಂದರೆ ಜನ ಕಳಿಸುತ್ತಾರೆ.

ಪೌರತ್ವದ ಕಾಲಂ ಯಾಕೆ? ಅಮೆರಿಕದಲ್ಲಿರುವ ನಿಮ್ಮ ಹಳೇ ವಿದ್ಯಾರ್ಥಿ ಈಗಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅದೇ ವ್ಯಕ್ತಿ ಅಲ್ಲಿಯ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿದ್ದರೆ ವಿದೇಶಿ ದೇಣಿಗೆ, ರೂಪಾಯಿಯಲ್ಲಿ ಕೊಟ್ಟರೂ ಸರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮನೆ ಹುಡುಗ ಅಲ್ವಾ ಎಂದು ಕೇಳದೆ ಬಿಡಬೇಡಿ. ಪಾಸ್‌ಪೋರ್ಟ್ ಯಾವುದು ಎಂದು ಪ್ರತಿ ವರ್ಷ ಕೇಳಿ, ಯಾಕೆಂದರೆ ಅದು ಬದಲಾಗುತ್ತದೆ.

ಹಂತ 6: ಯಾರು ನಿಂತುಹೋದರು?

ಈಗ ನಿಜವಾದ ಕೆಲಸ. ದೇಣಿಗೆ ಹಾಳೆಯಿಂದ ಒಂದು ಪಿವಟ್ ಟೇಬಲ್ (ಸಾಲುಗಳನ್ನು ತಾನೇ ಗುಂಪು ಮಾಡಿ ಕೂಡಿಸಿ ತೋರಿಸುವ ಕೋಷ್ಟಕ) ಮಾಡಿ. ಪ್ರತಿ ದಾನಿ ಸಂಖ್ಯೆಗೆ ಮೂರು ವಿಷಯ: ಕೊನೆಯ ಸಲ ಕೊಟ್ಟಿದ್ದು ಯಾವಾಗ, ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ರೂಪಾಯಿ. ಈ ಕಸುಬಿನವರು ಇದನ್ನು ಆರ್‌ಎಫ್‌ಎಂ ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಕಿರಾಣಿ ಅಂಗಡಿಯವರು ಇದನ್ನು ತಲೆಯಲ್ಲೇ ಮಾಡುತ್ತಾರೆ: ಯಾವಾಗ ಬಂದರು, ಎಷ್ಟು ಸಲ ಬರುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ.

ಉಳಿಕೆ ಪ್ರಮಾಣದ ಲೆಕ್ಕ ಸುಲಭ. ಉದಾಹರಣೆಗೆ ಹಿಂದಿನ ವರ್ಷ 240 ಜನ ಕೊಟ್ಟಿದ್ದರು ಎನ್ನಿ. ಆ 240ರಲ್ಲಿ ಈ ವರ್ಷ ಮತ್ತೆ ಕೊಟ್ಟವರು 132. ಅಂದರೆ ಶೇಕಡಾ 55 ಉಳಿದರು. ಈ ವರ್ಷದ ಹೊಸಬರನ್ನು ಇದರಲ್ಲಿ ಸೇರಿಸಬೇಡಿ. ಸೇರಿಸಿದರೆ ಸೋರುವ ಕೊಡಕ್ಕೆ ನೀರು ತುಂಬುತ್ತಾ, ತುಂಬಿದೆ ಎಂದು ಸಮಾಧಾನ ಪಟ್ಟುಕೊಂಡಂತೆ. ಈ ವರ್ಷ ಕೊಡದೆ ನಿಂತ 108 ಜನರ ಪಟ್ಟಿ ಇದೆಯಲ್ಲ, ಅದನ್ನು ಮುದ್ರಿಸಿ ಮೇಜಿನ ಮೇಲಿಡಿ.

ಇಲ್ಲಿ ಒಂದು ಗುಂಡಿ ಇದೆ, ನಾವು ಬಿದ್ದು ಎದ್ದಿದ್ದೇವೆ. ಹಣಕಾಸು ವರ್ಷದ ಪ್ರಕಾರ ಈ ಲೆಕ್ಕ ಮಾಡಬೇಡಿ. ಯುಗಾದಿಯನ್ನೇ ನೋಡಿ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಅಂದರೆ 2023-24ರ ಹಣಕಾಸು ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು! ಪ್ರತಿ ಯುಗಾದಿಗೆ ತಪ್ಪದೆ ಕೊಡುವವರು ಮೊದಲ ವರ್ಷ "ನಿಂತುಹೋದವರು" ಎಂದು ಕಾಣುತ್ತಾರೆ, ಎರಡನೇ ವರ್ಷ "ದುಪ್ಪಟ್ಟು ಕೊಟ್ಟವರು" ಎಂದು ಕಾಣುತ್ತಾರೆ. ಪಾಪ, ಅವರು ಮಾಡಿದ್ದು ಹಬ್ಬ ಮಾತ್ರ. ಹಾಗಾಗಿ ತೆರಿಗೆಗೆ ಹಣಕಾಸು ವರ್ಷ ಇರಲಿ, ದಾನಿಯನ್ನು ನೋಡಲು "ಕೊನೆಯ ದೇಣಿಗೆಯಿಂದ ಇವತ್ತಿಗೆ ಎಷ್ಟು ತಿಂಗಳು" ಎಂದು ಎಣಿಸಿ. 14 ತಿಂಗಳು ದಾಟಿದರೆ ಮಾತ್ರ ಪಟ್ಟಿಗೆ ಹಾಕಿ.

ಪಟ್ಟಿಯಲ್ಲಿ ಯಾರಿಗೆ ಮೊದಲು ಫೋನ್? ದೊಡ್ಡ ಮೊತ್ತ ಕೊಟ್ಟವರಿಗೆ ಅಂತ ನಮ್ಮ ಅಧ್ಯಕ್ಷರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಸ್ತಿ ಸಲ ಕೊಟ್ಟವರಿಗೆ ಮೊದಲು. ಒಂದೇ ಸಲ 25,000 ಕೊಟ್ಟವರು ಯಾವುದೋ ಸಮಾರಂಭದ ಮುಲಾಜಿಗೆ ಕೊಟ್ಟಿರಬಹುದು. ಐದು ವರ್ಷ 501 ಕೊಟ್ಟವರು ನಿಂತಿದ್ದಾರೆ ಎಂದರೆ ಏನೋ ಆಗಿದೆ.

ಫೋನಿನಲ್ಲಿ ದುಡ್ಡು ಕೇಳಬೇಡಿ. "ನಿಮ್ಮನ್ನು ಮಾತಾಡಿಸಿ ತುಂಬ ದಿನ ಆಯ್ತು, ಹೇಗಿದ್ದೀರಿ" ಎಂದು ಶುರು ಮಾಡಿ. ಕಾರಣ ತಾನೇ ಹೊರಗೆ ಬರುತ್ತದೆ. ನಮಗೆ ಸಿಕ್ಕ ಕಾರಣಗಳಲ್ಲಿ ಬಹಳಷ್ಟು ನಮ್ಮದೇ ತಪ್ಪು. ರಸೀದಿ ಬರಲಿಲ್ಲ. ಹೆಸರು ತಪ್ಪು ಬರೆದಿರಿ. ವಾಟ್ಸ್‌ಆ್ಯಪ್‌ನಲ್ಲಿ ಏನೂ ಬರುತ್ತಿಲ್ಲ. ಈ ಕೊನೆಯದಕ್ಕೆ ಕಾರಣ ಸಿಕ್ಕಾಗ ನಾವು ಹಣೆ ಬಡಿದುಕೊಂಡೆವು. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ನಾವು ಎರಡು ಸಲ ಆಫೀಸಿನ ನಂಬರ್ ಬದಲಿಸಿದ್ದೆವು.

ತಿಂಗಳ ದೇಣಿಗೆಯವರನ್ನು ಬೇರೆಯಾಗಿ ನೋಡಿ. ಯುಪಿಐ ಆಟೋಪೇ (ಪ್ರತಿ ತಿಂಗಳು ಖಾತೆಯಿಂದ ತಾನೇ ಹಣ ಹೋಗುವ ಏರ್ಪಾಡು) ಹಾಕಿಸಿಕೊಂಡವರು ಹೆಚ್ಚಾಗಿ ನಿಲ್ಲುವುದು ಮನಸ್ಸು ಬದಲಾಗಿ ಅಲ್ಲ, ಖಾತೆ ಬದಲಾಗಿ ಅಥವಾ ಆ ದಿನ ಹಣ ಇಲ್ಲದೆ. ಎರಡು ತಿಂಗಳು ಸತತ ತಪ್ಪಿದರೆ ಮೂರನೇ ತಿಂಗಳಿಗೆ ಕಾಯದೆ ತಿಳಿಸಿ. "ಬ್ಯಾಂಕಿನಿಂದ ಹಣ ಬಂದಿಲ್ಲ ಎಂದು ತೋರಿಸುತ್ತಿದೆ, ಒಮ್ಮೆ ನೋಡುತ್ತೀರಾ" ಎಂದರೆ ಸಾಕು.

ಹಂತ 7: ಎಷ್ಟು ಕೇಳಬೇಕು, ಯಾರಿಗೆ ಏನು ಬರೆಯಬೇಕು

ಸರಾಸರಿ ನೋಡಿ ಮೊತ್ತ ಕೇಳಬೇಡಿ. ಐದು ಜನ 500, 500, 1,000, 1,000, 50,000 ಕೊಟ್ಟರು ಎನ್ನಿ. ಸರಾಸರಿ 10,600. ಅಷ್ಟು ಕೊಟ್ಟವರು ಒಬ್ಬರೂ ಇಲ್ಲ! ಸಾಲಾಗಿ ನಿಲ್ಲಿಸಿ ನಡುವಿನವರನ್ನು ನೋಡಿದರೆ 1,000. ನಿಮ್ಮ ದಾನಿಗಳ ಕೈ ಎಷ್ಟರದು ಎಂದು ಹೇಳುವುದು ಈ ನಡುವಿನ ಅಂಕಿ. ಅದಕ್ಕೂ ಮೇಲಿನ ದಾರಿ, ಪ್ರತಿಯೊಬ್ಬರ ಕೊನೆಯ ಮೊತ್ತವನ್ನೇ ಪತ್ರದಲ್ಲಿ ನೆನಪಿಸುವುದು. "ಕಳೆದ ಆಷಾಢದಲ್ಲಿ ನೀವು ಕೊಟ್ಟ 1,001 ರೂಪಾಯಿಯಲ್ಲಿ ಇಂತಿಷ್ಟು ನೋಟ್‌ಬುಕ್ ಬಂದವು" ಎಂದು ಬರೆದು, ಈ ಸಲ ಏನು ಬೇಕಾಗಿದೆ ಎಂದು ಹೇಳಿ ಬಿಡಿ. ಹಾಳೆಯಲ್ಲಿರುವ ಹೆಸರು, ಮೊತ್ತವನ್ನು ಪ್ರತಿ ಪತ್ರಕ್ಕೂ ತಾನೇ ತುಂಬುವ ಮೇಲ್ ಮರ್ಜ್ ಕಲಿತರೆ ಒಂದೇ ಗಂಟೆಯ ಕೆಲಸ.

ಮೊತ್ತ ಬರೆಯುವಾಗ 1,000 ಬೇಡ, 1,001 ಅಥವಾ 1,116 ಇರಲಿ. ಕೊನೆಗೆ ಸೊನ್ನೆ ಇರುವ ಅಂಕಿಯನ್ನು ಕೈಯೆತ್ತಿ ಕೊಡಲು ನಮ್ಮ ಜನಕ್ಕೆ ಮನಸ್ಸಾಗುವುದಿಲ್ಲ. ನಿಮ್ಮ ಹಾಳೆಯನ್ನೇ ನೋಡಿ, ಗೊತ್ತಾಗುತ್ತದೆ.

ದಾನಿಗಳನ್ನು ಇಪ್ಪತ್ತು ಗುಂಪು ಮಾಡಲು ಹೋಗಬೇಡಿ. ನಾವು ಮೂರೇ ರಾಶಿ ಮಾಡುತ್ತೇವೆ. ಮೊದಲ ಸಲ ಕೊಟ್ಟವರು: ಇವರಿಗೆ ಎರಡು ದಿನದೊಳಗೆ ಧನ್ಯವಾದ, ಎರಡು ತಿಂಗಳೊಳಗೆ ಏನಾಯಿತು ಎಂಬ ಸುದ್ದಿ, ಆಮೇಲೆ ಎರಡನೇ ಮನವಿ. ಎರಡನೇ ಸಲ ಕೊಟ್ಟವರು ಉಳಿಯುವ ಸಾಧ್ಯತೆ ಜಾಸ್ತಿ, ಆದ್ದರಿಂದ ನಿಮ್ಮ ಶಕ್ತಿಯೆಲ್ಲ ಆ ಎರಡನೇ ಸಲದ ಮೇಲಿರಲಿ. ಎರಡನೇ ರಾಶಿ ಕಾಯಂ ಕೊಡುವವರು: ಇವರಿಗೆ ಕೇಳುವುದಕ್ಕಿಂತ ಕರೆಯುವುದು ಮುಖ್ಯ. ವಾರ್ಷಿಕೋತ್ಸವದ ದಿನವಲ್ಲ, ಭಾಷಣ ಇಲ್ಲದ ಒಂದು ಮಾಮೂಲಿ ದಿನ ಊಟದ ಹೊತ್ತಿಗೆ ಕರೆಯಿರಿ. ಮೂರನೆಯದು ನಿಂತವರು, ಅವರ ಮಾತು ಆಗಲೇ ಆಯಿತು.

ಹಂತ 8: ಯಾವ ತಿಂಗಳು

ದೇಣಿಗೆಯನ್ನು ತಿಂಗಳವಾರು ಕೂಡಿಸಿ ಒಂದು ಕಂಬದ ಚಿತ್ರ (ಬಾರ್ ಚಾರ್ಟ್) ಮಾಡಿ. ಬಹಳ ಕಡೆ ಮಾರ್ಚ್ ಎತ್ತರ ಇರುತ್ತದೆ, ತೆರಿಗೆ ಉಳಿಸಲು. ಆದರೆ ಮಾರ್ಚ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲ, ಮತ್ತು 2023-24ರಿಂದ, ಬೇರೆ ಹೇಳದಿದ್ದರೆ ಅದೇ ಪದ್ಧತಿ ತಾನಾಗಿ ಅನ್ವಯಿಸುತ್ತದೆ. "ತೆರಿಗೆ ಉಳಿಸಿ" ಎಂಬ ಸಾಲು ಸಂಬಳದಾರರಲ್ಲಿ ಎಷ್ಟೋ ಜನಕ್ಕೆ ಈಗ ಅರ್ಥವೇ ಇಲ್ಲ. ಹಳೇ ಪದ್ಧತಿಯಲ್ಲೇ ಇದ್ದೀರಾ ಎಂದು ಕೇಳಿ ಒಂದು ಕಾಲಂ ಇಟ್ಟರೆ, ಯಾರಿಗೆ ಆ ಸಾಲು ಬರೆಯಬೇಕು ಎಂದು ತಿಳಿಯುತ್ತದೆ. ಅಕ್ಟೋಬರ್ 2ರಿಂದ 8ರ ತನಕ ದೇಶದಲ್ಲೆಲ್ಲ ದಾನ್ ಉತ್ಸವ ಎಂಬ ಕೊಡುಗೆಯ ವಾರ ನಡೆಯುತ್ತದೆ. ಕಂಪನಿಗಳಲ್ಲಿ ಕೆಲಸ ಮಾಡುವ ದಾನಿಗಳನ್ನು ಮಾತಾಡಿಸಲು ಅದು ಒಳ್ಳೆಯ ನೆಪ.

ಯಾವ ಪತ್ರ ಚೆನ್ನ ಎಂಬ ಜಗಳ ಟ್ರಸ್ಟಿಗಳ ಸಭೆಯಲ್ಲಿ ಬಂದೇ ಬರುತ್ತದೆ. ಜಗಳ ಬೇಡ, ಪರೀಕ್ಷೆ ಮಾಡಿ. ಫೋನ್ ನಂಬರಿನ ಕೊನೆಯ ಅಂಕಿ ಸಮ ಇದ್ದವರಿಗೆ ಒಂದು, ಬೆಸ ಇದ್ದವರಿಗೆ ಇನ್ನೊಂದು. ಉಳಿದದ್ದೆಲ್ಲ ಒಂದೇ ಥರ, ಒಂದೇ ದಿನ. ಆದರೆ 40 ಜನರಲ್ಲಿ 5, ಇನ್ನೊಂದು 40ರಲ್ಲಿ 7 ಬಂದರೆ ಗೆದ್ದವರು ಯಾರೂ ಇಲ್ಲ. ಅದು ಕಾಕತಾಳೀಯ. ಮೂರ್ನಾಲ್ಕು ಸಲ ಅದೇ ದಿಕ್ಕು ಕಂಡರೆ ನಂಬಿ.

ಹಂತ 9: ಬೀಗ

ಈ ಹಾಳೆಯಲ್ಲಿ ಪ್ಯಾನ್ ಇದೆ, ಫೋನ್ ಇದೆ, ಮನೆಯವರು ತೀರಿಕೊಂಡ ದಿನ ಇದೆ. ಇದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಟ್ರಸ್ಟಿಗಳ ಗುಂಪಾದರೂ ಸರಿ. ಪೂರ್ತಿ ಹಾಳೆ ಇಬ್ಬರ ಕೈಯಲ್ಲಿರಲಿ, ಫೋನ್ ಮಾಡುವ ಸ್ವಯಂಸೇವಕರಿಗೆ ಹೆಸರು ಮತ್ತು ನಂಬರ್ ಮಾತ್ರ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. ಕಾಗದದಲ್ಲಿದ್ದದ್ದನ್ನು ಕಂಪ್ಯೂಟರ್‌ಗೆ ಹಾಕಿದರೆ ಅದೂ ಇದರ ಅಡಿಯಲ್ಲಿ ಬರುತ್ತದೆ. ಯಾಕೆ ಮಾಹಿತಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಆ ಒಕ್ಕಣೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ದಾನಿಗೆ ಇರಬೇಕು. ರಸೀದಿಯ ಕೆಳಗೆ ಎರಡು ಸಾಲು ಈಗಿನಿಂದಲೇ ಸೇರಿಸಿ.

ತನ್ನ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕೂ ದಾನಿಗಿದೆ. ಹಾಗಾಗಿ ಟಿಪ್ಪಣಿ ಕಾಲಂನಲ್ಲಿ, ಅವರೇ ಪಕ್ಕದಲ್ಲಿ ಕೂತು ಓದಿದರೂ ಮುಜುಗರವಾಗದಂಥದ್ದನ್ನು ಮಾತ್ರ ಬರೆಯಿರಿ. "ಜಿಪುಣ, ಆದರೆ ಹೊಗಳಿದರೆ ಕೊಡುತ್ತಾರೆ" ಎಂಬ ಟಿಪ್ಪಣಿಯೊಂದನ್ನು ನಾನು ಹಳೇ ಡೈರಿಯಿಂದ ಹಾಳೆಗೆ ಇಳಿಸದೆ ಬಿಟ್ಟೆ.

ವಾರಕ್ಕೆ ಒಂದು ಗಂಟೆ

ಇದೆಲ್ಲ ಒಮ್ಮೆ ಮಾಡಿ ಬಿಟ್ಟರೆ ಆರು ತಿಂಗಳಿಗೆ ಹಳಸುತ್ತದೆ. ನಮ್ಮಲ್ಲಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಮೀಸಲು. ಆ ವಾರದ ರಸೀದಿಗಳನ್ನು ಹಾಕುವುದು, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಯುಟಿಆರ್ ಜೊತೆ ತಾಳೆ ನೋಡುವುದು, ಧನ್ಯವಾದ ಹೋಗದೆ ಉಳಿದವರಿಗೆ ಕಳಿಸುವುದು, ಮುಂದಿನ ಹತ್ತು ದಿನದ ನೆನಪಿನ ದಿನಗಳನ್ನು ನೋಡುವುದು, 14 ತಿಂಗಳು ದಾಟಿದ ಮೂವರಿಗೆ ಫೋನ್ ಮಾಡುವುದು. ಮೂವರೇ, ಜಾಸ್ತಿ ಬೇಡ. ಕೊನೆಗೆ ಹಾಳೆಯ ಒಂದು ಪ್ರತಿಯನ್ನು ತಾರೀಖು ಹಾಕಿ ಪೆನ್‌ಡ್ರೈವ್‌ಗೆ ಇಳಿಸಿ, ಪಾಸ್‌ವರ್ಡ್ ಹಾಕಿ, ಬೀರುವಿನಲ್ಲಿ ಆ ಹಳೇ ರಸೀದಿ ಪುಸ್ತಕಗಳ ಪಕ್ಕದಲ್ಲೇ ಇಡುತ್ತೇವೆ.